ಲೈನ್ ಮನೆಯ ಗೆಳತಿಯರಿಂದ ಕಲಿತದ್ದು

ಸಕಲೇಶಪುರದ ಹಾನುಬಾಳು ಕಡೆಯ ಕಾಫಿ ತೋಟವೊಂದರಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದಾಗ, ನಾನೂ ಹೆಂಗಸು, ಆಳು ಹೆಂಗಸರ ಜೊತೆ ಮಾತುಕತೆ ಸಲೀಸು ಎಂದುಕೊಂಡಿದ್ದೆ. ಆಳುಗಳು ವಾಸಿಸುವ ಲೈನ್ ಮನೆಗಳಲ್ಲಿ ಆಲೂರು, ಬೇಲೂರು ಕಡೆಯ ದಲಿತ ಕುಟುಂಬಗಳಿದ್ದವು. ಘಟ್ಟದ ಕೆಳಗಿನಿಂದ ಬಂದು ನೆಲೆಸಿದ ತುಳುವರಿದ್ದರು, ತಮಿಳರಿದ್ದರು. ಆಮೇಲಾಮೇಲೆ ಹಣ್ಣು ಕೊಯ್ಲಿಗೆ ಅಸ್ಸಾಮಿನವರೂ ಬರತೊಡಗಿದರು. ಹೆಣ್ಣೆಂಬ ಒಂದು ಸಮಾನತೆ ಉಳಿದ ಅಂತರಗಳನ್ನೆಲ್ಲ ಮುಚ್ಚಿಬಿಡುವುದಿಲ್ಲ ಎಂದು ತಿಳಿಯಲು ನನಗೆ ಬಹಳ ಕಾಲ ಬೇಕಾಯಿತು.

1. ದೊಡ್ಡವರನ್ನು ದೊಡ್ಡವರಂತೆ ಮಾತಾಡಿಸಬೇಕು.

ಲೈನಿನಲ್ಲಿದ್ದ, ನನ್ನ ತಾಯಿಯ ವಯಸ್ಸಿನ ಒಬ್ಬರನ್ನು ನಾನು 'ಬಾರೇ, ಹೋಗೇ' ಅನ್ನುತ್ತಿದ್ದೆ. ಇಡೀ ತೋಟ ಹಾಗೇ ಕರೆಯುತ್ತಿತ್ತು. ಅದೇ ವಯಸ್ಸಿನ, ಸಾಹುಕಾರರ ಕಡೆಯ ನೆಂಟರಿಗೆ 'ಬನ್ನಿ' ಅನ್ನುತ್ತಿದ್ದೆ. ಕಾಲೇಜಿಗೆ ಹೋಗುತ್ತಿದ್ದ, ಆ ಲೈನಿನ ತಾಯಿಯ ಮಗಳು ಒಂದು ದಿನ ನೇರವಾಗಿ ಕೇಳಿದಳು: "ನಮ್ಮಮ್ಮ ನಿಮಗಿಂತ ದೊಡ್ಡೋರಲ್ವಾ?" ಮರುದಿನದಿಂದ ಬಹುವಚನಕ್ಕೆ ತಿರುಗಿದೆ. ಆ ತಾಯಿ ನನ್ನ ಹತ್ತಿರ ಮಾತನ್ನೇ ನಿಲ್ಲಿಸಿದರು. ನಾನು ಕೋಪಿಸಿಕೊಂಡು ದೂರ ಮಾಡುತ್ತಿದ್ದೇನೆ ಎಂದು ಅವರಿಗೆ ಅನ್ನಿಸಿತ್ತಂತೆ. ಏಕೆ ಬದಲಾಯಿಸುತ್ತಿದ್ದೇನೆಂದು ಮೊದಲೇ ಕೂತು ಹೇಳಬೇಕಿತ್ತು. ಒಂದು ಕೊಯ್ಲು ಪೂರ್ತಿ ಕಳೆದ ಮೇಲೆ ಅವರು ಮತ್ತೆ ನಕ್ಕು ಮಾತಾಡಿಸಿದರು.

2. ಮೇಸ್ತ್ರಿ ಹೇಳಿದ್ದೆಲ್ಲ ಹೆಂಗಸರ ಮಾತೆಂದು ನಂಬಬೇಡಿ.

ಮುಖಚಹರೆ, ಮೈಬಣ್ಣ ನೋಡಿ ಪೇಟೆಯಲ್ಲಿ ಅಸ್ಸಾಮಿನವರನ್ನು 'ಬಾಂಗ್ಲಾದವರು' ಎಂದು ಕರೆಯುವವರಿದ್ದರು. ನಾನು ಹಾಗೆ ಕರೆಯಲಿಲ್ಲ, ಆದರೆ ಅವರೆಲ್ಲ ಒಂದೇ, ಎಲ್ಲರಿಗೂ ಹಿಂದಿ ಬರುತ್ತದೆ ಎಂದುಕೊಂಡಿದ್ದೆ. ನಮ್ಮಲ್ಲಿಗೆ ಬಂದವರಲ್ಲಿ ಹಲವರು ಟೀ ತೋಟದ ಆದಿವಾಸಿಗಳು. 19ನೇ ಶತಮಾನದಲ್ಲಿ ಬ್ರಿಟಿಷರ ಕಾಲಕ್ಕೆ ಛೋಟಾನಾಗಪುರದಿಂದ ಅಸ್ಸಾಮಿಗೆ ಸಾಗಿಸಲ್ಪಟ್ಟವರ ವಂಶದವರು. ಮನೆಮಾತು ಸಾದ್ರಿ. ಗಂಡಸರಿಗೆ ಹಿಂದಿ ಬರುತ್ತಿತ್ತು, ಹೆಂಗಸರಲ್ಲಿ ಬಹಳ ಮಂದಿಗೆ ಬರುತ್ತಿರಲಿಲ್ಲ. ನಾನು ಏನೇ ಕೇಳಿದರೂ ಅವರ ಗುಂಪಿನ ಮೇಸ್ತ್ರಿಯ ಬಾಯಿಂದ 'ಸಬ್ ಠೀಕ್ ಹೈ' ಎಂದು ಬರುತ್ತಿತ್ತು.

ಅವರಲ್ಲೊಬ್ಬಳು ಬಾಣಂತಿ. ಸಿಲ್ವರ್ ಮರದ ಬುಡದಲ್ಲಿ ಕೂಸನ್ನು ಮಲಗಿಸಿ ಕೊಯ್ಯುತ್ತಿದ್ದಳು. ಅವಳಿಗೆ ರಕ್ತಸ್ರಾವ ನಿಂತಿಲ್ಲ ಎಂದು ಕಂಡುಹಿಡಿದವರು ನಮ್ಮ ಲೈನಿನ ತಮಿಳು ಅಜ್ಜಿ. ಅವರಿಗೆ ಹಿಂದಿಯೂ ಬಾರದು, ಸಾದ್ರಿಯೂ ಬಾರದು. ಪಕ್ಕದ ಸಾಲಿನಲ್ಲಿ ಕೊಯ್ಯುತ್ತ ಅವಳ ನಡಿಗೆ ನೋಡಿದ್ದರು, ಕೈಸನ್ನೆಯಲ್ಲೇ ಕೇಳಿದ್ದರು. 50 ಅಥವಾ ಹೆಚ್ಚು ಹೆಂಗಸರು ದುಡಿಯುವ ತೋಟದಲ್ಲಿ ಶಿಶುವಿಹಾರ ಇರಬೇಕೆಂದು 1951ರ ತೋಟ ಕಾರ್ಮಿಕರ ಕಾಯ್ದೆ ಹೇಳಿತ್ತು. ನಮ್ಮದು ಅಷ್ಟು ದೊಡ್ಡ ತೋಟವಲ್ಲ, ಶಿಶುವಿಹಾರವೂ ಇರಲಿಲ್ಲ. ಅಂದಿನಿಂದ ಹೊಸಬರ ಬದಿಯ ಸಾಲು ಆ ಅಜ್ಜಿಗೇ ಕೊಟ್ಟೆ.

3. ಫೋನ್ ಯಾರ ಜೇಬಿನಲ್ಲಿದೆ ಎಂದು ಕೇಳಿ.

ಆಲೂರು, ಸಕಲೇಶಪುರದಲ್ಲಿ ಕಾಡಾನೆ ಎಲ್ಲಿದೆ ಎಂಬ ಸುದ್ದಿ ಮೊಬೈಲಿಗೆ ಬರುತ್ತದೆ. ಆದರೆ ಫೋನ್ ಗಂಡನ ಹತ್ತಿರ, ಸುದ್ದಿ ಕನ್ನಡದಲ್ಲಿ. ಎಲ್ಲರಿಗೂ ತಿಳಿದಿದೆ ಎಂದೇ ನಾನಿದ್ದೆ. ಈಗ ಬೆಳಿಗ್ಗೆ ಹಾಜರಿ ಹೊತ್ತಿಗೆ ಹೆಂಗಸರಿಗೆ ಬಾಯಲ್ಲೇ ಹೇಳುತ್ತೇವೆ.

4. ಲೆಕ್ಕದ ಪುಸ್ತಕದಲ್ಲಿ ಅವಳ ಹೆಸರೂ ಬರಲಿ.

ಸಂಜೆ ಟಾರ್ಪಾಲಿನ ಮೇಲೆ ಕೂತು ಹಸಿರು ಕಾಯಿ ಆರಿಸುವವರು ಹೆಂಗಸರು. ಚೀಲ ಎತ್ತಿ ತಕ್ಕಡಿಗೆ ತರುವವನು ಗಂಡಸು. ಚೀಲ ತಂದವನ ಹೆಸರಿಗೆ ನಾನು ತೂಕ ಬರೆಯುತ್ತಿದ್ದೆ, ದುಡ್ಡೂ ಅವನ ಕೈಗೇ ಹೋಗುತ್ತಿತ್ತು. ಗಂಡ ಹೆಂಡಿರ ಹೆಸರಲ್ಲಿ ಬೇರೆಬೇರೆ ಬರೆಯತೊಡಗಿದಾಗ ಲೈನಿನಲ್ಲಿ ಜಗಳ ಎದ್ದಿತು. ಒಬ್ಬಳು ಬಂದು, "ಅಕ್ಕಾ, ಮೊದಲಿನ ಹಾಗೇ ಬರೀರಿ, ರಾತ್ರಿ ಹೊಡೆತ ತಿನ್ನೋಳು ನಾನು" ಅಂದಳು. ಅವಳನ್ನು ಕೇಳದೆ ಅವಳ ಪರವಾಗಿ ತೀರ್ಮಾನಿಸಿದ್ದೆ. ಈಗ ಕೇಳಿ ಬರೆಯುತ್ತೇನೆ. ಬೇರೆ ಬರೆಸಿಕೊಳ್ಳುವವರು ನಿಧಾನವಾಗಿ ಹೆಚ್ಚುತ್ತಿದ್ದಾರೆ.

5. ಸಂಘದಲ್ಲಿ ಜೊತೆಗೆ ಕೂತರೆ ಸಾಲದು, ಮನೆಯಲ್ಲೂ ಕೂರಬೇಕು.

ಸ್ತ್ರೀಶಕ್ತಿ ಸಂಘಗಳು ಜಾತಿ ಮೀರಿ ಹೆಂಗಸರನ್ನು ಒಟ್ಟಿಗೆ ಕೂರಿಸಿದ್ದು ನಿಜ. ಆದರೆ 2015ರಲ್ಲಿ ನಮ್ಮದೇ ಜಿಲ್ಲೆಯ ಹೊಳೆನರಸೀಪುರ ತಾಲ್ಲೂಕಿನ ಸಿಗರನಹಳ್ಳಿಯಲ್ಲಿ ಬಸವೇಶ್ವರ ದೇವಸ್ಥಾನದೊಳಗೆ ಹೋದರೆಂದು ದಲಿತ ಹೆಂಗಸರಿಗೆ ದಂಡ ಹಾಕಿದ್ದರು. ಅವರೂ ಸ್ವಸಹಾಯ ಸಂಘದವರೇ. ಅದನ್ನು ಓದಿ ಸಿಟ್ಟಾದ ನಾನು, ಆವರೆಗೆ ಲೈನ್ ಮನೆಯಲ್ಲಿ ಒಂದು ಲೋಟ ಕಾಫಿ ಕುಡಿದಿರಲಿಲ್ಲ. 'ಇರಲಿ, ಈಗ ಬೇಡ' ಎಂದು ಜಗಲಿಯಿಂದಲೇ ತಿರುಗುತ್ತಿದ್ದೆ.

ಕೊನೆಗೆ ಲೈನಿನ ಗೆಳತಿಯೊಬ್ಬಳ ಮನೆಯೊಳಗೆ ಕೂತು ಕುಡಿದ ದಿನ ಮಾತು ಕೂಲಿಯನ್ನು ದಾಟಿ ಮಗಳ ಮದುವೆ, ಸಾಲ, ಗಂಡನ ಕುಡಿತದವರೆಗೂ ಹೋಯಿತು. ಆ ಗೆಳತಿಯನ್ನು ನಾನೂ ಮನೆಗೆ ಕರೆದೆ. ಎಲ್ಲರಿಗೂ ಸ್ಟೀಲ್ ಲೋಟ ಕೊಟ್ಟ ಅತ್ತೆ ಅವಳಿಗೆ ಪೇಪರ್ ಕಪ್ ತಂದಿಟ್ಟರು. ನಾನು ಬಾಯಿ ಬಿಡಲಿಲ್ಲ. ಅವಳು ಕಾಫಿ ಕುಡಿದು, ಕಪ್ಪನ್ನು ತಾನೇ ಹೊರಗೆ ಹಾಕಿ ಹೋದಳು. ಮರುದಿನ ಕ್ಷಮೆ ಕೇಳಿದಾಗ, "ನಿಮ್ಮತ್ತೆ ಹತ್ರ ಹೇಳಿದ್ರಾ?" ಎಂದಳು. ಹೇಳಿರಲಿಲ್ಲ. ಆಮೇಲೆ ಹೇಳಿದೆ. ಮನೆಯಲ್ಲಿ ಒಂದು ವಾರ ಮಾತು ನಿಂತಿತು, ಪೇಪರ್ ಕಪ್ ತರುವುದೂ ನಿಂತಿತು. ಅವಳು ಇನ್ನೂ ನಮ್ಮನೆಗೆ ಬಂದಿಲ್ಲ. ಸದ್ಯಕ್ಕೆ ನಾನೇ ಅವಳ ಮನೆಗೆ ಹೋಗುತ್ತಿದ್ದೇನೆ.