ಮರಗೆಲಸಕ್ಕೆ ವಿದ್ಯುತ್ ಕೀಸುಳಿ: ಆಯ್ಕೆ ಮತ್ತು ಪಾಲನೆ

ಗರಗಸದಿಂದ ಸೀಳಿ ತಂದ ಹಲಗೆಯು ಹಾಗೆಯೇ ಬಾಗಿಲಾಗಲಿ ಮೇಜಾಗಲಿ ಆಗಲಾರದು. ಅದರ ಮುಖವನ್ನು ಸಮಮಾಡಿ, ಅಂಚನ್ನು ನೇರಗೊಳಿಸಿ, ಮೂಲೆಮಟ್ಟಕ್ಕೆ ಹೊಂದಿಸಿದ ಮೇಲೆಯೇ ಅದು ಜೋಡಣೆಗೆ ಯೋಗ್ಯವಾಗುತ್ತದೆ. ಈ ಕಾರ್ಯಕ್ಕಾಗಿ ಬಡಗಿಗಳು ತಲೆತಲಾಂತರದಿಂದ ಬಳಸುತ್ತ ಬಂದಿರುವ ಉಪಕರಣವೇ ಕೀಸುಳಿ. ಕರ್ನಾಟಕದ ಹಲವೆಡೆ ಇದನ್ನು ತೋಪಡ ಎನ್ನುವರು. ಮುಂಬಯಿ, ಪುಣೆಗಳಲ್ಲಿ ರಂಧಾ ಎಂಬ ಹೆಸರು ರೂಢಿಯಲ್ಲಿದೆ. ತೋಳಿನ ಬಲದಿಂದ ನಡೆಯುತ್ತಿದ್ದ ಈ ಕೆಲಸವನ್ನು ಇಂದು ಬಹುಮಟ್ಟಿಗೆ ಕೈಯಲ್ಲಿ ಹಿಡಿದು ನಡೆಸುವ ವಿದ್ಯುತ್ ಕೀಸುಳಿ ಮಾಡುತ್ತಿದೆ.

ಈ ಯಂತ್ರವು ಶ್ರಮವನ್ನೂ ಸಮಯವನ್ನೂ ಉಳಿಸುತ್ತದೆ ಎಂಬುದರಲ್ಲಿ ಸಂಶಯವಿಲ್ಲ. ಆದರೆ ಆಯ್ಕೆಯಲ್ಲಿ ತಪ್ಪಿದರೆ ಹಣ ವ್ಯರ್ಥವಾಗುತ್ತದೆ. ಪಾಲನೆಯಲ್ಲಿ ತಪ್ಪಿದರೆ ಬೆಲೆಬಾಳುವ ಮರ ಕೆಡುತ್ತದೆ. ಬಳಕೆಯಲ್ಲಿ ತಪ್ಪಿದರೆ ಬೆರಳುಗಳೇ ಹೋಗಬಹುದು. ಆದುದರಿಂದ ಕೊಳ್ಳುವ ಮುನ್ನ ಈ ಯಂತ್ರದ ಸ್ವರೂಪವನ್ನು ಅರಿಯುವುದು ಅಗತ್ಯ.

ಯಂತ್ರದ ರಚನೆ

ವಿದ್ಯುತ್ ಕೀಸುಳಿಯ ಹೃದಯವೆಂದರೆ ತಳದ ಮಧ್ಯದಲ್ಲಿ ಅಡ್ಡಲಾಗಿ ಕುಳಿತಿರುವ ಉರುಳೆ. ಅದಕ್ಕೆ ಸಾಮಾನ್ಯವಾಗಿ ಎರಡು ಅಲಗುಗಳನ್ನು ಎದುರುಬದುರಾಗಿ ಬಿಗಿದಿರುತ್ತಾರೆ. ಮೋಟಾರಿನ ಶಕ್ತಿಯು ಒಂದು ಚಿಕ್ಕ ಹಲ್ಲುಪಟ್ಟಿ ಅಥವಾ ಬೆಲ್ಟಿನ ಮೂಲಕ ಉರುಳೆಗೆ ತಲುಪುತ್ತದೆ. ಉರುಳೆಯ ಮುಂದೆ ಒಂದು ತಳ, ಹಿಂದೆ ಒಂದು ತಳ ಇರುತ್ತವೆ. ಹಿಂದಿನ ತಳ ಸ್ಥಿರವಾದುದು. ಅಲಗಿನ ಅಂಚು ಅದರೊಡನೆ ಒಂದೇ ಮಟ್ಟದಲ್ಲಿರಬೇಕು. ಮುಂದಿನ ತಳವನ್ನು ತಿರುಪುಹಿಡಿಯಿಂದ ಮೇಲೆ ಕೆಳಗೆ ಸರಿಸಬಹುದು. ಅದನ್ನು ಎಷ್ಟು ಮೇಲಕ್ಕೆತ್ತಲಾಗಿದೆಯೋ ಅಷ್ಟು ದಪ್ಪದ ಮರ ಒಂದು ಸಲಕ್ಕೆ ಕೀಸಿಹೋಗುತ್ತದೆ.

ಉರುಳೆ ನಿಮಿಷಕ್ಕೆ 16,000 ಸುತ್ತು ತಿರುಗುತ್ತಿದೆ ಎಂದಿಟ್ಟುಕೊಳ್ಳೋಣ. ಎರಡು ಅಲಗುಗಳಿರುವುದರಿಂದ ಮರಕ್ಕೆ ನಿಮಿಷದಲ್ಲಿ 32,000 ಕಡಿತಗಳು ಬೀಳುತ್ತವೆ. ಯಂತ್ರವನ್ನು ನಿಮಿಷಕ್ಕೆ 4 ಮೀಟರ್ ವೇಗದಲ್ಲಿ ಮುಂದೂಡಿದರೆ ಒಂದು ಕಡಿತಕ್ಕೂ ಮತ್ತೊಂದಕ್ಕೂ ನಡುವಿನ ಅಂತರ 0.125 ಮಿಲಿಮೀಟರ್ ಮಾತ್ರ. ಮುಖವು ನುಣುಪಾಗಿ ಬರುತ್ತದೆ. ಅವಸರದಿಂದ 12 ಮೀಟರ್ ವೇಗದಲ್ಲಿ ಓಡಿಸಿದರೆ ಈ ಅಂತರ ಮೂರು ಪಟ್ಟಾಗಿ, ಮರದ ಮೇಲೆ ಅಲೆಯಂತಹ ಗೆರೆಗಳು ಉಳಿಯುತ್ತವೆ. ನುಣುಪು ಯಂತ್ರದ ಬೆಲೆಯನ್ನಷ್ಟೇ ಅಲ್ಲ, ಕೈಯ ತಾಳ್ಮೆಯನ್ನೂ ಅವಲಂಬಿಸಿದೆ ಎಂಬುದಕ್ಕೆ ಈ ಲೆಕ್ಕವೇ ಸಾಕ್ಷಿ.

ಕೊಳ್ಳುವ ಮುನ್ನ

ಅಲಗಿನ ಅಗಲ: ಕೈಯಲ್ಲಿ ಹಿಡಿಯುವ ಕೀಸುಳಿಗಳಲ್ಲಿ 82 ಮಿಲಿಮೀಟರ್ ಅಗಲವು ಅತ್ಯಂತ ಪ್ರಚಲಿತ. ಬಾಗಿಲು, ಕಿಟಕಿ, ಚೌಕಟ್ಟು, ಪೀಠೋಪಕರಣಗಳ ಕೆಲಸಕ್ಕೆ ಇದು ಸಾಕು. ಈ ಅಳತೆಯ ಅಲಗುಗಳು ಅಂಗಡಿಗಳಲ್ಲಿ ಸುಲಭವಾಗಿ ದೊರೆಯುವುದು ಮತ್ತೊಂದು ಅನುಕೂಲ.

ಶಕ್ತಿ ಮತ್ತು ಆಳ: 500ರಿಂದ 600 ವ್ಯಾಟ್ ಶಕ್ತಿಯ ಯಂತ್ರಗಳು ಸಾಮಾನ್ಯವಾಗಿ ಒಂದು ಸಲಕ್ಕೆ 1 ಮಿಲಿಮೀಟರಿನಷ್ಟು ಕೀಸುತ್ತವೆ, 700 ವ್ಯಾಟಿಗೂ ಮೇಲ್ಪಟ್ಟವುಗಳಲ್ಲಿ 2 ಮಿಲಿಮೀಟರ್ ಅಥವಾ ಅದಕ್ಕೂ ಹೆಚ್ಚಿನ ಆಳ ಲಭ್ಯ. ಮನೆಯ ದುರಸ್ತಿಗೆ ಮೊದಲನೆಯದೇ ಸಾಕು. ದಿನವಿಡೀ ತೇಗ, ಮತ್ತಿ, ಹೊನ್ನೆಯಂತಹ ಗಟ್ಟಿಮರಗಳೊಡನೆ ದುಡಿಯುವವರು ಎರಡನೆಯ ವರ್ಗವನ್ನು ಪರಿಶೀಲಿಸಬೇಕು.

ತೂಕ ಮತ್ತು ಹಿಡಿತ: ಸಾಮಾನ್ಯ ಯಂತ್ರಗಳ ತೂಕ ಎರಡೂವರೆಯಿಂದ ಮೂರು ಕಿಲೋಗ್ರಾಂ. ನಿಂತಿರುವ ಕದದ ಅಂಚನ್ನು ಕೀಸುವಾಗ ಈ ಭಾರ ಮಣಿಕಟ್ಟಿನ ಮೇಲೆ ಬೀಳುತ್ತದೆ. ಆದುದರಿಂದ ಅಂಗಡಿಯಲ್ಲಿಯೇ ಎರಡೂ ಕೈಗಳಿಂದ ಹಿಡಿದು ನೋಡಬೇಕು. ಸ್ವಿಚ್ಚು ತಾನಾಗಿ ಅದುಮದಂತೆ ತಡೆಗುಂಡಿ ಇದೆಯೇ, ಯಂತ್ರವನ್ನು ಕೆಳಗಿರಿಸಿದಾಗ ಅಲಗು ನೆಲಕ್ಕೆ ತಾಗದಂತೆ ಹಿಂಭಾಗದಲ್ಲಿ ಚಿಕ್ಕ ಊರೆಗಾಲು ಇದೆಯೇ ಎಂಬುದನ್ನೂ ಗಮನಿಸಬೇಕು.

ತಳ: ಎರಡು ತಳಗಳೂ ಡೊಂಕಿಲ್ಲದೆ ಸಮವಾಗಿರಬೇಕು. ಮುಂದಿನ ತಳವನ್ನು ಸೊನ್ನೆಗೆ ತಂದು, ಉಕ್ಕಿನ ನೇರಪಟ್ಟಿಯನ್ನು ಉದ್ದಕ್ಕೆ ಇಟ್ಟು ಬೆಳಕಿಗೆ ಹಿಡಿದರೆ ಲೋಪ ಕಾಣುತ್ತದೆ. ಮುಂದಿನ ತಳದ ಮಧ್ಯೆ ಇರುವ ಚೂಪುಗಾಡಿಯು ಹಲಗೆಯ ಮೂಲೆಯನ್ನು ಓರೆಯಾಗಿ ಸವರಲು ಉಪಯುಕ್ತ.

ವಿದ್ಯುತ್ ಸುರಕ್ಷತೆ: ಹೆಸರುಫಲಕದ ಮೇಲೆ 230 ವೋಲ್ಟ್, 50 ಹರ್ಟ್ಸ್ ಎಂದಿರಬೇಕು. ಚೌಕದೊಳಗೊಂದು ಚೌಕದ ಗುರುತಿದ್ದರೆ ಅದು ಇಮ್ಮಡಿ ನಿರೋಧಕ ಹೊದಿಕೆಯ ಯಂತ್ರವೆಂದು ತಿಳಿಯಬೇಕು. ಅಂತಹ ಯಂತ್ರಕ್ಕೆ ಭೂಸಂಪರ್ಕದ ತಂತಿ ಇರುವುದಿಲ್ಲ.

ಬ್ಯಾಟರಿಯಿಂದ ನಡೆಯುವ 18 ವೋಲ್ಟ್ ಕೀಸುಳಿಗಳೂ ಈಗ ದೊರೆಯುತ್ತವೆ. ವಿದ್ಯುತ್ ಸಂಪರ್ಕವಿಲ್ಲದ ಕಟ್ಟಡಗಳಲ್ಲಿ ಇವು ಅನುಕೂಲ. ಆದರೆ ನಿರಂತರ ಕೆಲಸಕ್ಕೆ ಹೆಚ್ಚುವರಿ ಬ್ಯಾಟರಿಗಳ ವೆಚ್ಚವನ್ನೂ ಲೆಕ್ಕ ಹಾಕಬೇಕು.

ಎಲ್ಲಕ್ಕಿಂತ ಮುಖ್ಯವಾದುದು ಬಿಡಿಭಾಗಗಳ ಲಭ್ಯತೆ. ಅಲಗು, ಬೆಲ್ಟು, ಕಾರ್ಬನ್ ಬ್ರಷ್ ಈ ಮೂರೂ ಸವೆಯುವ ವಸ್ತುಗಳು. ಅವು ತಮ್ಮ ಊರಿನಲ್ಲಿ ಸಿಗುವುದನ್ನು ಖಚಿತಪಡಿಸಿಕೊಳ್ಳದೆ ಅಗ್ಗದ ಬೆಲೆಗೆ ಮರುಳಾಗಬಾರದು. ರಸೀದಿ ಮತ್ತು ಖಾತರಿ ಪತ್ರವನ್ನು ತಪ್ಪದೆ ಪಡೆಯಬೇಕು. ದೋಷಯುಕ್ತ ಯಂತ್ರದ ಬಗ್ಗೆ ಮಾರಾಟಗಾರರು ಸ್ಪಂದಿಸದಿದ್ದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915 ಸಂಖ್ಯೆಗೆ ದೂರು ನೀಡಬಹುದು.

ಅಲಗುಗಳ ವಿಚಾರ

ಅಲಗುಗಳಲ್ಲಿ ಮುಖ್ಯವಾಗಿ ಎರಡು ಬಗೆ. ಹೈಸ್ಪೀಡ್ ಉಕ್ಕಿನ ಅಲಗನ್ನು ಸಾಣೆಕಲ್ಲಿನ ಮೇಲೆ ಮತ್ತೆ ಮತ್ತೆ ಹರಿತಗೊಳಿಸಬಹುದು. ಮೆದುಮರಕ್ಕೆ ಅದು ನುಣುಪಾದ ಮುಖವನ್ನು ಕೊಡುತ್ತದೆ. ಟಂಗ್‌ಸ್ಟನ್ ಕಾರ್ಬೈಡ್ ಅಲಗು ಬಹುಕಾಲ ಹರಿತವಾಗಿರುತ್ತದೆ. ಸಾಮಾನ್ಯವಾಗಿ ಅದಕ್ಕೆ ಎರಡು ಅಂಚುಗಳಿದ್ದು, ಒಂದು ಮೊಂಡಾದಾಗ ತಿರುಗಿಸಿ ಹಾಕಬಹುದು. ಎರಡೂ ಸವೆದ ಮೇಲೆ ಬದಲಿಸಬೇಕು.

ತೇಗದ ಮರದಲ್ಲಿ ಸಿಲಿಕಾ ಅಂಶವಿರುವುದರಿಂದ ಅದು ಉಕ್ಕಿನ ಅಲಗನ್ನು ಬೇಗ ಮೊಂಡುಮಾಡುತ್ತದೆ. ಪ್ಲೈವುಡ್ಡಿನ ಅಂಟು ಕೂಡ ಹಾಗೆಯೇ. ಇಂತಹ ಕೆಲಸಕ್ಕೆ ಕಾರ್ಬೈಡ್ ಅಲಗು ಸೂಕ್ತ. ಹಳೆಯ ಕಟ್ಟಡಗಳಿಂದ ಬಂದ ಮರವನ್ನು ಕೀಸುವ ಮುನ್ನ ಪ್ರತಿಯೊಂದು ಮೊಳೆಯನ್ನೂ ತಿರುಪನ್ನೂ ಹುಡುಕಿ ತೆಗೆಯಬೇಕು. ಅಡಗಿದ ಒಂದೇ ಮೊಳೆ ಎರಡೂ ಅಲಗುಗಳನ್ನು ಹಾಳುಮಾಡಬಲ್ಲದು. ಚೂರಾಗಿ ಸಿಡಿದು ಕಣ್ಣಿಗೂ ಅಪಾಯ ತರಬಲ್ಲದು.

ಅಲಗು ಬದಲಿಸುವ ಕ್ರಮ ಹೀಗಿದೆ:

1. ಮೊದಲು ಪ್ಲಗ್ಗನ್ನು ಗೋಡೆಯಿಂದ ಕೀಳಬೇಕು. ಕೇವಲ ಸ್ವಿಚ್ಚು ಆರಿಸುವುದು ಸಾಲದು.
2. ಯಂತ್ರದೊಡನೆ ಬಂದ ಕೀಲಿಯಿಂದ ತಿರುಪುಗಳನ್ನು ಸಡಿಲಿಸಿ ಅಲಗನ್ನು ಹೊರತೆಗೆಯಬೇಕು.
3. ಅಲಗು ಕೂರುವ ಗಾಡಿಯಲ್ಲಿ ಅಂಟಿದ ಹೊಟ್ಟನ್ನೂ ಮರದ ಅಂಟನ್ನೂ ಒರೆಸಿ ತೆಗೆಯಬೇಕು. ಅಲ್ಲಿ ಧೂಳು ಉಳಿದರೆ ಅಲಗು ಸಮವಾಗಿ ಕೂರುವುದಿಲ್ಲ.
4. ಹೊಸ ಅಲಗಿನ ಅಂಚನ್ನು ಅಳತೆಪಟ್ಟಿಯ ನೆರವಿನಿಂದ ಹಿಂದಿನ ತಳದ ಮಟ್ಟಕ್ಕೆ ಸರಿಯಾಗಿ ಹೊಂದಿಸಬೇಕು.
5. ತಿರುಪುಗಳನ್ನು ಒಂದಾದ ಮೇಲೊಂದರಂತೆ ಸ್ವಲ್ಪ ಸ್ವಲ್ಪವಾಗಿ ಬಿಗಿಯಬೇಕು. ಕೊನೆಯಲ್ಲಿ ಎಲ್ಲವನ್ನೂ ಮತ್ತೊಮ್ಮೆ ಪರೀಕ್ಷಿಸಬೇಕು.

ಎರಡು ಅಲಗುಗಳನ್ನೂ ಒಟ್ಟಿಗೇ ಬದಲಿಸುವುದು, ಒಟ್ಟಿಗೇ ಸಾಣೆ ಹಿಡಿಯುವುದು ಕಡ್ಡಾಯ. ಒಂದರ ತೂಕ ಮತ್ತೊಂದಕ್ಕಿಂತ ಕಡಿಮೆಯಾದರೆ ಉರುಳೆಯ ಸಮತೋಲ ತಪ್ಪಿ, ಯಂತ್ರ ಅದುರಿ, ಬೇರಿಂಗುಗಳು ಹಾಳಾಗುತ್ತವೆ.

ಕೀಸಿದ ಮರವೇ ಅಲಗಿನ ಸ್ಥಿತಿಯನ್ನು ಹೇಳುತ್ತದೆ. ಹಲಗೆಯ ಆರಂಭದಲ್ಲಿ ಗುಳಿ ಬಿದ್ದರೆ ಅಲಗು ಹಿಂದಿನ ತಳಕ್ಕಿಂತ ತಗ್ಗಿದೆ ಎಂದರ್ಥ. ಕೊನೆಯಲ್ಲಿ ಗುಳಿ ಬಿದ್ದರೆ ಅಲಗು ಅಗತ್ಯಕ್ಕಿಂತ ಹೊರಚಾಚಿದೆ. ಒಂದು ಪಕ್ಕದಲ್ಲಿ ಮಾತ್ರ ಗೀರು ಮೂಡಿದರೆ ಅಲಗಿನ ಅಂಚು ತಳಕ್ಕೆ ಸಮಾನಾಂತರವಾಗಿಲ್ಲ.

ಬಳಸುವ ವಿಧಾನ

ಮರವನ್ನು ಕ್ಲ್ಯಾಂಪಿನಿಂದ ಭದ್ರವಾಗಿ ಬಿಗಿಯಬೇಕು. ಯಂತ್ರವನ್ನು ಎರಡೂ ಕೈಗಳಿಂದ ಹಿಡಿದು, ಮುಂದಿನ ತಳವನ್ನು ಮಾತ್ರ ಮರದ ಮೇಲಿರಿಸಿ, ಅಲಗು ಮರಕ್ಕೆ ತಾಗದಂತೆ ಚಾಲೂ ಮಾಡಬೇಕು. ಉರುಳೆ ಪೂರ್ಣ ವೇಗ ಪಡೆದ ನಂತರವೇ ಮುಂದೂಡಬೇಕು. ಆರಂಭದಲ್ಲಿ ಒತ್ತಡ ಮುಂಭಾಗದ ಮೇಲೆಯೂ, ಕೊನೆಯಲ್ಲಿ ಹಿಂಭಾಗದ ಮೇಲೆಯೂ ಇರಬೇಕು. ಮರದ ಎಳೆ ಮೇಲೇರುವ ದಿಕ್ಕಿಗೆ ಕೀಸಬೇಕು. ಎದುರು ದಿಕ್ಕಿನಲ್ಲಿ ಕೀಸಿದರೆ ಎಳೆ ಕಿತ್ತುಬರುತ್ತದೆ. ಹೆಚ್ಚು ಆಳದ ಒಂದು ಓಟಕ್ಕಿಂತ ಕಡಿಮೆ ಆಳದ ಎರಡು ಓಟಗಳು ಮೇಲು. ಕೊನೆಯ ಓಟವನ್ನು ಅರ್ಧ ಮಿಲಿಮೀಟರಿಗಿಂತ ಕಡಿಮೆ ಆಳದಲ್ಲಿ, ನಿಧಾನವಾಗಿ ನಡೆಸಬೇಕು. ಉತ್ತಮ ಪೀಠೋಪಕರಣದ ಮುಖಕ್ಕೆ ಅಂತಿಮ ನಯ ಕೊಡಲು ಇಂದಿಗೂ ಕೈಕೀಸುಳಿಯೇ ಬೇಕು.

ಮಳೆಗಾಲದಲ್ಲಿ ಉಬ್ಬಿ ಸಿಕ್ಕಿಕೊಳ್ಳುವ ಬಾಗಿಲಿನ ವಿಷಯದಲ್ಲಿ ವಿಶೇಷ ಎಚ್ಚರಿಕೆ ಅಗತ್ಯ. ಮರವು ತೇವವನ್ನು ಹೀರಿ ಅಗಲದಲ್ಲಿ ಹಿಗ್ಗುತ್ತದೆ. ಉದ್ದದಲ್ಲಿ ಆಗುವ ಬದಲಾವಣೆ ಅತ್ಯಲ್ಪ. ಮುಂಬಯಿ, ಪುಣೆಗಳಲ್ಲಿ ಜೂನಿನಿಂದ ಸೆಪ್ಟೆಂಬರಿನವರೆಗೆ, ಚೆನ್ನೈಯಲ್ಲಿ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಈ ತೊಂದರೆ ಸಾಮಾನ್ಯ. ಆಗ ಬಾಗಿಲು ಸಲೀಸಾಗಿ ಮುಚ್ಚುವಷ್ಟು ಧಾರಾಳವಾಗಿ ಕೀಸಿದರೆ, ಬೇಸಿಗೆಯಲ್ಲಿ ಮರ ಕುಗ್ಗಿದಾಗ ಕದಕ್ಕೂ ಚೌಕಟ್ಟಿಗೂ ನಡುವೆ ಸಂದು ಬೀಳುತ್ತದೆ. ಕೀಸಿದ ಮರ ಮತ್ತೆ ಬರುವುದಿಲ್ಲ. ಮೊದಲು ತಿರುಗಣಿಯ ತಿರುಪುಗಳು ಸಡಿಲವಾಗಿವೆಯೇ ಎಂದು ನೋಡಬೇಕು. ಅನೇಕ ಸಲ ದೋಷ ಅಲ್ಲಿಯೇ ಇರುತ್ತದೆ. ಕೀಸಲೇಬೇಕಾದರೆ ಉಜ್ಜುವ ಜಾಗವನ್ನು ಸೀಮೆಸುಣ್ಣದಿಂದ ಗುರುತಿಸಿ, ಅಷ್ಟನ್ನೇ ತೆಳುವಾಗಿ ತೆಗೆಯಬೇಕು. ಕದದ ಮೇಲಂಚು, ಕೆಳ ಅಂಚುಗಳನ್ನು ಎರಡೂ ಮೂಲೆಗಳಿಂದ ನಡುವಿನತ್ತ ಕೀಸಿದರೆ ಮೂಲೆ ಸೀಳುವುದಿಲ್ಲ. ಮರ ಒಣಗಿದೊಡನೆ ಕೀಸಿದ ಅಂಚಿಗೆ ಬಣ್ಣ ಅಥವಾ ವಾರ್ನಿಷ್ ಬಳಿಯಬೇಕು. ಇಲ್ಲವಾದರೆ ಬರಿಯ ಮರ ಮುಂದಿನ ಮಳೆಗೆ ಮತ್ತಷ್ಟು ತೇವ ಹೀರುತ್ತದೆ.

ಸುರಕ್ಷತೆ

ಸ್ವಿಚ್ಚು ಬಿಟ್ಟ ಮೇಲೂ ಉರುಳೆ ಕೆಲವು ಕ್ಷಣ ತಿರುಗುತ್ತಲೇ ಇರುತ್ತದೆ. ಅನೇಕ ಅಪಘಾತಗಳಿಗೆ ಇದೇ ಕಾರಣ. ಅದು ಪೂರ್ತಿ ನಿಂತ ಬಳಿಕವೇ ಯಂತ್ರವನ್ನು ಕೆಳಗಿರಿಸಬೇಕು. ಹೊಟ್ಟು ಹೊರಬರುವ ಬಾಯಿ ಕಟ್ಟಿಕೊಂಡಾಗ ಅದರೊಳಗೆ ಬೆರಳು ಹಾಕಬಾರದು. ಪ್ಲಗ್ಗನ್ನು ಕಿತ್ತು ಕಡ್ಡಿಯಿಂದ ತೆಗೆಯಬೇಕು. ಸಡಿಲ ತೋಳಿನ ಅಂಗಿ, ಕೊರಳಿನ ವಸ್ತ್ರ, ಕೈಬಳೆ ಇವುಗಳನ್ನು ತೊಟ್ಟು ಕೆಲಸ ಮಾಡಬಾರದು. ತಂತಿಯನ್ನು ಹೆಗಲ ಮೇಲಿನಿಂದ ಹಿಂದಕ್ಕೆ ಬಿಟ್ಟುಕೊಂಡರೆ ಅದು ಅಲಗಿನಡಿ ಸಿಕ್ಕುವ ಭಯವಿಲ್ಲ. ತಾತ್ಕಾಲಿಕ ವಿದ್ಯುತ್ ಸಂಪರ್ಕವಿರುವ ಸ್ಥಳಗಳಲ್ಲಿ 30 ಮಿಲಿ ಆಂಪಿಯರ್ ಸೋರಿಕೆಗೆ ಸಂಪರ್ಕ ಕಡಿಯುವ ರಕ್ಷಕವಿರುವುದು ಒಳಿತು.

ಕಣ್ಣಿಗೆ ಕನ್ನಡಕ, ಕಿವಿಗೆ ಬೆಣೆ, ಮೂಗಿಗೆ ಧೂಳು ತಡೆಯುವ ಮುಖಗವಸು ಧರಿಸಬೇಕು. ಮರದ ಧೂಳು ಮಾನವರಲ್ಲಿ ಕ್ಯಾನ್ಸರ್ ಉಂಟುಮಾಡಬಲ್ಲದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕವು 1995ರಲ್ಲಿ ಪ್ರಕಟಿಸಿದ ವರದಿಯಲ್ಲಿ ತಿಳಿಸಿದೆ. ಮೂಗಿನ ಒಳಭಾಗಕ್ಕೆ ಅದರ ಅಪಾಯ ಹೆಚ್ಚು. ಮುಚ್ಚಿದ ಕೋಣೆಯಲ್ಲಿ ದಿನವೂ ದುಡಿಯುವವರು ಇದನ್ನು ಲಘುವಾಗಿ ಪರಿಗಣಿಸಬಾರದು.

ಪಾಲನೆ

ದಿನದ ಕೆಲಸ ಮುಗಿದೊಡನೆ ಗಾಳಿಯ ಕಿಂಡಿಗಳ ಧೂಳನ್ನು ಒಣ ಬ್ರಷ್ಷಿನಿಂದ ತೆಗೆಯಬೇಕು. ಕಿಂಡಿ ಕಟ್ಟಿದರೆ ಮೋಟಾರು ಕಾದು ಸುರುಳಿ ಸುಟ್ಟುಹೋಗುತ್ತದೆ. ಕರಾವಳಿಯ ನಗರಗಳಲ್ಲಿ ತಳಕ್ಕೂ ಅಲಗಿಗೂ ತೆಳುವಾಗಿ ಎಣ್ಣೆ ಸವರಿ ತುಕ್ಕನ್ನು ತಡೆಯಬೇಕು. ಮರುದಿನ ಅದನ್ನು ಒರೆಸಿಯೇ ಕೆಲಸ ಆರಂಭಿಸಬೇಕು. ಬೆಲ್ಟಿಗೆ ಎಣ್ಣೆ ತಾಗಬಾರದು. ಮೋಟಾರು ತಿರುಗುತ್ತಿದ್ದರೂ ಉರುಳೆ ನಿಂತರೆ ಬೆಲ್ಟು ಸವೆದಿದೆ ಎಂದು ತಿಳಿಯಬೇಕು. ಮೋಟಾರಿನಲ್ಲಿ ಕಿಡಿ ಹೆಚ್ಚಾದರೆ, ಯಂತ್ರ ನಿಂತು ನಿಂತು ಓಡಿದರೆ ಕಾರ್ಬನ್ ಬ್ರಷ್ಷುಗಳನ್ನು ನೋಡಬೇಕು. ಮಿತಿಗೆರೆಯವರೆಗೆ ಸವೆದಿದ್ದಲ್ಲಿ ಎರಡನ್ನೂ ಒಟ್ಟಿಗೆ ಬದಲಿಸಬೇಕು. ಕರಕರ ಸದ್ದು ಬಂದರೆ ಬೇರಿಂಗಿನ ದೋಷ. ಅದನ್ನು ಸೇವಾ ಕೇಂದ್ರಕ್ಕೆ ಒಪ್ಪಿಸುವುದು ಉಚಿತ.

ಕುಶಲಕರ್ಮಿಗಳಿಗೆ ನೆರವು

ಕೇಂದ್ರ ಸರ್ಕಾರವು 2023ರ ಸೆಪ್ಟೆಂಬರ್ 17ರಂದು ಆರಂಭಿಸಿದ ಪ್ರಧಾನ ಮಂತ್ರಿ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಗಿತನವೂ ಸೇರಿದೆ. ಅರ್ಹ ಕುಶಲಕರ್ಮಿಗಳಿಗೆ ತರಬೇತಿ, ಉಪಕರಣಗಳಿಗಾಗಿ 15,000 ರೂಪಾಯಿವರೆಗಿನ ನೆರವು ಹಾಗೂ ಆಧಾರರಹಿತ ಸಾಲವಾಗಿ ಮೊದಲ ಕಂತಿನಲ್ಲಿ 1 ಲಕ್ಷ, ಎರಡನೆಯ ಕಂತಿನಲ್ಲಿ 2 ಲಕ್ಷ ರೂಪಾಯಿವರೆಗೆ ಶೇಕಡಾ 5ರ ಬಡ್ಡಿಯಲ್ಲಿ ನೀಡುವ ಅವಕಾಶವನ್ನು ಯೋಜನೆ ಕಲ್ಪಿಸಿದೆ. ನೋಂದಣಿಯ ವಿವರಗಳನ್ನು ಸಮೀಪದ ಸಾಮಾನ್ಯ ಸೇವಾ ಕೇಂದ್ರದಲ್ಲಿ ವಿಚಾರಿಸಬಹುದು.

ಉಪಕರಣವು ಕುಶಲತೆಗೆ ಸಹಾಯಕವೇ ಹೊರತು ಅದಕ್ಕೆ ಬದಲಿಯಲ್ಲ. ಅಗತ್ಯವನ್ನರಿತು ಕೊಂಡು, ನಿಯಮವರಿತು ನಡೆಸಿ, ದಿನವೂ ಶುಚಿಯಾಗಿಟ್ಟ ಕೀಸುಳಿ ಬಹುಕಾಲ ಬಾಳುತ್ತದೆ. ಅದನ್ನು ಹಿಡಿದವರ ಕೈಗಳೂ ಕ್ಷೇಮವಾಗಿರುತ್ತವೆ.