ಬೆಳಗಿನ ನ್ಯಾರಿ: ತಟ್ಟೆ ಮತ್ತು ಬೆಂಚು

ಪಠ್ಯಪುಸ್ತಕಗಳಲ್ಲಿ ನಾವು 'ಉಪಾಹಾರ'ವೆಂದು ಓದುವದಕ್ಕೆ ನಮ್ಮ ಮನೆಗಳಲ್ಲಿ 'ನ್ಯಾರಿ' ಎಂದೇ ಹೆಸರು. ಮರಾಠಿಯ 'ನ್ಯಾಹಾರಿ'ಯಿಂದ ಬಂದ ಈ ಮಾತು ಕೃಷ್ಣೆಯ ಈಚೆಯ ದಡದಲ್ಲಿ ಎಷ್ಟು ಬೇರೂರಿದೆಯೆಂದರೆ, ಅದು ಹೊರಗಿನಿಂದ ಬಂದದ್ದೆಂಬ ನೆನಪೂ ಯಾರಿಗೂ ಉಳಿದಿಲ್ಲ. ಎರಡರ ಅರ್ಥದಲ್ಲಿ ಸ್ವಲ್ಪ ಅಂತರವುಂಟು. ಉಪಾಹಾರವೆಂದರೆ ಊಟಕ್ಕೆ ಮೊದಲಿನ ಅಲ್ಪ ಆಹಾರ. ನ್ಯಾರಿಯಾದರೋ, ಹೊಲಕ್ಕೆ ಹೊರಟವನು ಮಧ್ಯಾಹ್ನದ ಬುತ್ತಿ ಬರುವವರೆಗೆ ಹಸಿವನ್ನು ತಡೆದು ನಿಲ್ಲಿಸಬೇಕಾದ ಗಟ್ಟಿ ಆಹಾರ.

ನಮ್ಮ ಅರ್ಥಶಾಸ್ತ್ರದ ವರ್ಗಗಳಲ್ಲಿ ಗಿರಣಿ, ಬ್ಯಾಂಕು, ಸಹಕಾರಿ ಸಂಘಗಳ ವಿಷಯ ಬೇಕಾದಷ್ಟು ಬರುತ್ತದೆ; ಹೊಟೇಲಿನ ವಿಷಯ ಬರುವದಿಲ್ಲ. ಆದರೂ ದಿನಾಲು ಬೆಳಿಗ್ಗೆ ಇಷ್ಟೊಂದು ಜನ ಇಷ್ಟು ಸಂತೋಷದಿಂದ ಕೂಡುವ ಸಂಸ್ಥೆ ನಮ್ಮ ಊರುಗಳಲ್ಲಿ ಇನ್ನೊಂದಿಲ್ಲವೆಂದು ನನಗೆ ತೋರುತ್ತದೆ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲು ಈ ನಾಲ್ಕೂ ಊರುಗಳ ಹೊಟೇಲುಗಳಲ್ಲಿ ನಾನು ಕಂಡುದನ್ನೂ ಉಂಡುದನ್ನೂ ಆಧಾರವಾಗಿಟ್ಟುಕೊಂಡು ಎರಡು ಪ್ರಶ್ನೆಗಳನ್ನು ಇಲ್ಲಿ ವಿಚಾರಿಸಬೇಕೆಂದಿದ್ದೇನೆ. ತಟ್ಟೆಯಲ್ಲಿ ಏನಿದೆ? ಬೆಂಚಿನ ಮೇಲೆ ಪಕ್ಕದಲ್ಲಿ ಯಾರಿದ್ದಾರೆ?

ಮೊದಲು ತಟ್ಟೆಯ ಮಾತು. ಮನೆಯ ನ್ಯಾರಿಯೆಂದರೆ ಹಿಂಗಾರಿಯ ಬಿಳಿ ಜೋಳದ ರೊಟ್ಟಿ, ಗುರೆಳ್ಳಿನದೋ ಶೇಂಗಾದ್ದೋ ಹಿಂಡಿ, ಮೇಲೆ ಎಣ್ಣೆ ಅಥವಾ ಮೊಸರು. ಇಂಥ ಜೋಳದ ನಾಡಿನಲ್ಲಿ ಬೆಳಿಗ್ಗೆ ಏಳು ಗಂಟೆಗೆ ಹೊಟೇಲಿಗೆ ಹೋಗಿ ರೊಟ್ಟಿ ಕೇಳಿದರೆ ಮಾಲಕರು ನಮ್ಮನ್ನು ಪರವೂರಿನವರೆಂದು ತಿಳಿಯುತ್ತಾರೆ. ರೊಟ್ಟಿ ಸಿಗುವದು ಮಧ್ಯಾಹ್ನ, ಅದೂ ಖಾನಾವಳಿಯಲ್ಲಿ. ಬೆಳಗಿನ ಹೊಟೇಲಿನಲ್ಲಿ ಉಪ್ಪಿಟ್ಟು, ಶಿರಾ, ಅವಲಕ್ಕಿ, ಪೂರಿ, ಇಡ್ಲಿ, ವಡೆ. ಎಲ್ಲವೂ ರವೆ, ಅಕ್ಕಿ, ಗೋದಿಗಳ ಸಂತಾನ. ಜೋಳಕ್ಕೆ ಅಲ್ಲಿ ಸ್ಥಳವಿಲ್ಲ.

ಇದು ಜನರು ಜೋಳವನ್ನು ಕೀಳೆಂದು ತಿಳಿದುದರ ಫಲವೆಂದು ಕೆಲವರು ಹೇಳುವದುಂಟು. ಅದರಲ್ಲಿ ಅಲ್ಪಸ್ವಲ್ಪ ನಿಜವಿರಬಹುದು. ಮುಖ್ಯ ಕಾರಣ ಮಾತ್ರ ಹಿಟ್ಟಿನಲ್ಲಿಯೇ ಇದೆ. ಗೋದಿಯಲ್ಲಿ ಗ್ಲುಟೆನ್ ಎಂಬ ಜಿಗುಟು ಪದಾರ್ಥವಿರುವದರಿಂದ ಕಣಕವನ್ನು ನಾದಿಟ್ಟು ಯಾವಾಗ ಬೇಕಾದರೂ ಲಟ್ಟಿಸಬಹುದು. ಜೋಳದಲ್ಲಿ ಅದಿಲ್ಲ. ಕುದಿಯುವ ನೀರು ಹೊಯ್ದು ಹಿಟ್ಟಿನ ಪಿಷ್ಟವನ್ನು ಅರೆಬೇಯಿಸಿ, ಬಿಸಿಯಿರುವಾಗಲೇ ನಾದಿ, ಅಂಗೈಯಿಂದ ತಿರುಗಿಸುತ್ತ ಬಡಿದು, ಹಂಚಿನ ಮೇಲೆ ಹಾಕಿ ನೀರು ಸವರಬೇಕು. ತಡವಾದರೆ ಹಿಟ್ಟು ಬಿರಿಯುತ್ತದೆ. ಒಂದೊಂದು ರೊಟ್ಟಿಗೂ ಪಳಗಿದ ಕೈ ಬೇಕು, ಅದಕ್ಕಷ್ಟೇ ಮೀಸಲಾದ ಕೆಲವು ನಿಮಿಷ ಬೇಕು. ಹುನಗುಂದದ ಹೊಟೇಲೊಂದರ ಮಾಲಕರು ನನಗೆ ಇದನ್ನು ಇನ್ನೂ ಸುಲಭವಾಗಿ ತಿಳಿಸಿದರು: "ಏ ತಮ್ಮಾ, ಒಂದ್ ಬೋಗಾಣಿ ಉಪ್ಪಿಟ್ಟು ಮಾಡಿದ್ರ ನಲವತ್ತು ಮಂದಿಗಾಗ್ತೈತಿ. ನಲವತ್ತು ಮಂದಿಗೆ ಎಂಬತ್ತು ರೊಟ್ಟಿ ಬಡೀಬೇಕು. ಬಡಿಯೂ ಕೈ ಎಲ್ಲಿಂದ ತರ್ಲಿ?" ಬಸ್ಸು ಹೊರಡುವದಕ್ಕೆ ಹತ್ತು ನಿಮಿಷವಿರುವ ಗಿರಾಕಿಯ ಮುಂದೆ ಈ ಲೆಕ್ಕಕ್ಕೆ ಉತ್ತರವಿಲ್ಲ.

ಹೀಗೆ ರೊಟ್ಟಿಯು ಬಿಟ್ಟುಕೊಟ್ಟ ಸ್ಥಾನದಲ್ಲಿ ನಮ್ಮ ಕಡೆಯದೇ ಎನ್ನಬಹುದಾದ ತಿನಿಸೊಂದು ಬಂದು ಕುಳಿತಿದೆ. ಅದು ಸುಸಲಾ. ಚುರಮುರಿಯನ್ನು ನೀರಿನಲ್ಲಿ ತೊಯಿಸಿ, ಕೂಡಲೇ ಹಿಂಡಿ ತೆಗೆದು, ಸಾಸಿವೆ, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಕರಿಬೇವು, ಅರಿಷಿಣದ ಒಗ್ಗರಣೆಯಲ್ಲಿ ಕಲಸಿ, ಮೇಲೆ ಪುಠಾಣಿ ಹಿಟ್ಟು ಉದುರಿಸುವರು. ಈ ಹಿಟ್ಟು ಬರಿಯ ರುಚಿಗಾಗಿಯಲ್ಲ. ಚುರಮುರಿಯಲ್ಲಿ ಉಳಿದ ನೀರನ್ನು ಅದು ಹೀರಿಕೊಂಡು ಕಾಳುಕಾಳಾಗಿ ಬಿಡಿಸುತ್ತದೆ. ಹಿಟ್ಟು ಕಡಿಮೆಯಾದ ಸುಸಲಾ ಮುದ್ದೆಯಾಗುತ್ತದೆ. ಹಿಟ್ಟಿಗೆ ಜಿಪುಣತನ ಮಾಡುವ ಹೊಟೇಲನ್ನು ಗಿರಾಕಿಗಳು ವಾರದಲ್ಲಿ ಗುರುತಿಸುತ್ತಾರೆ. ದಾವಣಗೆರೆ, ಬಳ್ಳಾರಿಗಳ ಕಡೆಗೆ ಇದರ ಒಡಹುಟ್ಟಿದ್ದಕ್ಕೆ ಒಗ್ಗರಣೆಯೆಂದೇ ಹೆಸರು. ಹುಬ್ಬಳ್ಳಿ-ಧಾರವಾಡದ ಗಿರಮಿಟ್ಟು ಬೇರೆ. ಅದರಲ್ಲಿ ಚುರಮುರಿಯನ್ನು ತೊಯಿಸುವದಿಲ್ಲ. ಈ ಭೇದವನ್ನು ಅರಿಯದೆ ಮೂರನ್ನೂ ಒಂದೇ ಎನ್ನುವವರೊಡನೆ ನಾನು ವಾದಿಸುವದನ್ನು ಬಿಟ್ಟಿದ್ದೇನೆ.

ಸುಸಲಾಕ್ಕೆ ಮಿರ್ಚಿ ಭಜಿಯ ಜೋಡಿ ತಪ್ಪದು. ಭಜಿಯ ಕಡಲೆಹಿಟ್ಟಿನಲ್ಲಿ ಅಜವಾನ ಬೀಳುವದು ಹೊಟ್ಟೆಯ ಮೇಲಿನ ಕರುಣೆಯಿಂದ.

ಹೊಟ್ಟೆ ತುಂಬುವದಕ್ಕೂ ದೇಹಕ್ಕೆ ಸಲ್ಲುವದಕ್ಕೂ ಅಂತರವಿದೆಯಷ್ಟೆ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ಹಳೆಯ ಕೋಷ್ಟಕಗಳ ಪ್ರಕಾರ 100 ಗ್ರಾಂ ಜೋಳದಲ್ಲಿ 10.4 ಗ್ರಾಂ ಪ್ರೋಟೀನು. ಅಷ್ಟೇ ತೂಕದ ಚುರಮುರಿಯಲ್ಲಿ 7.5 ಗ್ರಾಂ. ಆದರೆ 100 ಗ್ರಾಂ ಚುರಮುರಿಯನ್ನು ಒಮ್ಮೆಗೇ ತಿನ್ನುವ ಪೈಲವಾನರು ಎಷ್ಟು ಮಂದಿ? ಕಾದ ಉಸುಕಿನಲ್ಲಿ ಹುರಿದಾಗ ಅಕ್ಕಿಯೊಳಗಿನ ತೇವವು ಆವಿಯಾಗಿ ಕಾಳನ್ನು ಉಬ್ಬಿಸುತ್ತದೆ; ಗಾತ್ರ ಬೆಳೆಯುತ್ತದೆ, ತೂಕ ಬೆಳೆಯುವದಿಲ್ಲ. ತಟ್ಟೆ ತುಂಬಿದಂತೆ ಕಾಣುವದು ಇದರಿಂದಲೇ. ಈ ಕೊರತೆಯನ್ನು ತುಂಬುವವು ಪುಠಾಣಿ ಹಿಟ್ಟು ಮತ್ತು ಶೇಂಗಾ. 100 ಗ್ರಾಂ ಶೇಂಗಾದಲ್ಲಿ 25.3 ಗ್ರಾಂ ಪ್ರೋಟೀನು. ಆದುದರಿಂದ ಸುಸಲಾದಲ್ಲಿ ಶೇಂಗಾ ಎಣಿಸಿ ಹಾಕುವ ಹೊಟೇಲಿಗಿಂತ ಎಣಿಸದೆ ಹಾಕುವ ಹೊಟೇಲಿಗೆ ಹೋಗುವದು ವಿದ್ಯಾರ್ಥಿಗಳಿಗೆ ಲೇಸು.

ಊರೂರಿಗೆ ಗಿರಾಕಿಯ ಹಸಿವು ಬೇರೆ. ಗದಗ-ಹೊಟಗಿ ರೈಲು ದಾರಿಯ ಮೇಲಿರುವ ಬಾಗಲಕೋಟೆ, ಬಾದಾಮಿಗಳಲ್ಲಿ ಪ್ರಯಾಣಿಕರ ಅವಸರ ಹೆಚ್ಚು. ಬಾದಾಮಿಯಲ್ಲಿ ಮಂಗಲೇಶನ 578ರ ಶಾಸನವುಳ್ಳ ಮೂರನೆಯ ಗುಹೆಯನ್ನು ನೋಡಬಂದವರೂ ಮೊದಲು ಹುಡುಕುವದು ಬಿಸಿ ಇಡ್ಲಿಯನ್ನೇ. ಬಾಗಲಕೋಟೆಯ ಕತೆಯಲ್ಲಿ ದುಃಖವೂ ಇದೆ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನಿಂದ ಹಳೆಯ ಊರಿನ ಬಹುಭಾಗವನ್ನು ತೆರವುಗೊಳಿಸಿ ಜನರನ್ನು ನವನಗರಕ್ಕೆ ಕಳಿಸಿದಾಗ ಮನೆಗಳಿಗೆ ಬದಲು ನಿವೇಶನ ಸಿಕ್ಕಿತು. ಮೂವತ್ತು ವರ್ಷ ಒಂದೇ ಬೆಂಚಿನ ಮೇಲೆ ಕುಳಿತು ಚಹಾ ಕುಡಿದವರು ಬೇರೆ ಬೇರೆ ಸೆಕ್ಟರುಗಳಿಗೆ ಚದುರಿದರು. ಆ ಬೆಂಚಿಗೆ ಪರಿಹಾರ ಕೊಡುವ ಕಲಮು ಯಾವ ಕಾಯಿದೆಯಲ್ಲಿಯೂ ಇಲ್ಲ.

ರೈಲಿಲ್ಲದ ಇಳಕಲ್ಲಿನಲ್ಲಿ ಬೆಳಗಿನ ಗಿರಾಕಿಯೆಂದರೆ ನೇಕಾರ. ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕುಳಿತು, ಕಾಲಿನಿಂದ ತುಳಿಯುತ್ತ ಕೈಯಿಂದ ಲಾಳಿ ಎಸೆಯುವವನಿಗೆ ತುಂಬಿದ ಹೊಟ್ಟೆ ಅಡ್ಡಿ, ಬರಿ ಹೊಟ್ಟೆ ಇನ್ನೂ ಅಡ್ಡಿ. ಅವನ ನ್ಯಾರಿ ಎರಡು ಕಂತಿನಲ್ಲಿ ನಡೆಯುತ್ತದೆಂದು ನೇಕಾರ ಗೆಳೆಯನೊಬ್ಬ ನನಗೆ ಹೇಳಿದ: ನಸುಕಿನಲ್ಲಿ ಚಹಾ, ಒಂದಿಷ್ಟು ನೇಯ್ದ ಮೇಲೆ ಹೊಟೇಲು.

ಇನ್ನು ಬೆಂಚಿನ ಪ್ರಶ್ನೆ. ನಮ್ಮ ಹೊಟೇಲುಗಳನ್ನು ಸ್ನೇಹಮಯವೆಂದು ಕರೆಯುವದು ಸುಲಭ. ಮಾಲಕರು ಹೆಸರು ಹಿಡಿದು ಕರೆಯುತ್ತಾರೆ, ಪರೀಕ್ಷೆ ಹೇಗಾಯಿತೆಂದು ಕೇಳುತ್ತಾರೆ, ತಿಂಗಳ ಕೊನೆಯಲ್ಲಿ ಉದ್ರಿ ಬರೆದುಕೊಳ್ಳುತ್ತಾರೆ; ಇಬ್ಬರು ಒಂದೇ ಚಹಾ ತರಿಸಿ ಕಪ್ಪು ಒಬ್ಬರು, ಬಶಿ ಒಬ್ಬರು ಹಂಚಿಕೊಂಡರೂ ಮುಖ ಸಿಂಡರಿಸುವದಿಲ್ಲ. ಆದರೆ ಈ ಸ್ನೇಹ ಯಾರಿಗೆ ಎಂದು ಕೇಳಿದಾಗ ಚರಿತ್ರೆ ಅಷ್ಟು ಸಿಹಿಯಾಗಿರುವದಿಲ್ಲ. ಒಂದು ಕಾಲಕ್ಕೆ ಫಳಾರದ ಹೊಟೇಲು, ಖಾನಾವಳಿಗಳ ಹಲಗೆಯ ಮೇಲೆಯೇ ಜಾತಿಯ ಹೆಸರಿರುತ್ತಿತ್ತು. 1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನದ 15ನೆಯ ಅನುಚ್ಛೇದವು ಅಂಗಡಿ, ಬಾವಿ, ಕೆರೆಗಳೊಂದಿಗೆ ಸಾರ್ವಜನಿಕ ಹೊಟೇಲುಗಳನ್ನೂ ಹೆಸರಿಸಿ, ಅವುಗಳ ಪ್ರವೇಶಕ್ಕೆ ಜಾತಿಯ ಕಾರಣದಿಂದ ಅಡ್ಡಿ ಮಾಡಕೂಡದೆಂದಿತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಹೊಟೇಲಿನ ಪಾತ್ರೆಗಳ ಮಾತನ್ನೂ ಎತ್ತಿತು. ದಿಲ್ಲಿಯಲ್ಲಿ ಕುಳಿತು ಕಾಯಿದೆ ಬರೆದವರು ಕಪ್ಪು-ಬಶಿಯವರೆಗೆ ವಿಚಾರ ಮಾಡಿದರೆಂಬದು ನನಗೆ ಬಹಳ ದೊಡ್ಡ ಸಂಗತಿಯಾಗಿ ತೋರುತ್ತದೆ. 1976ರಲ್ಲಿ ಇದಕ್ಕೆ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯಿದೆಯೆಂಬ ಹೆಸರಾಯಿತು.

ನನ್ನ ಅಜ್ಜ ಹುಡುಗನಾಗಿದ್ದುದು ಆ 1955ರ ನಂತರವೇ. ಆದರೂ ನಮ್ಮ ಊರಿನ ಚಹದಂಗಡಿಯಲ್ಲಿ ಅವನ ಬಶಿ ಹೊರಗಿನ ಗೋಡೆಯ ಗೂಡಿನಲ್ಲಿರುತ್ತಿತ್ತು. ತೆಗೆದುಕೊಂಡು, ಮೇಲಿನಿಂದ ಹೊಯ್ಸಿಕೊಂಡು, ನಿಂತೇ ಕುಡಿದು, ತಾನೇ ತೊಳೆದು ಮತ್ತೆ ಗೂಡಿನಲ್ಲಿಡಬೇಕು. ಹಣ ಮಾತ್ರ ಎಲ್ಲರಷ್ಟೇ. ಕೃಷ್ಣೆ-ಮಲಪ್ರಭೆಗಳು ಕೂಡುವ, ಬಸವಣ್ಣನವರ ಕೂಡಲಸಂಗಮ ನಮ್ಮ ಊರಿಗೆ ದೂರವೇನಲ್ಲ. ಕಳೆದ ವರ್ಷ ಅಜ್ಜನನ್ನು ಕರೆದುಕೊಂಡು ಇಳಕಲ್ಲಿನ ಹೊಟೇಲಿಗೆ ಹೋದಾಗ ಅವನು ಸುಸಲಾ ತಿಂದು, ಕೈ ತೊಳೆದು, ತಟ್ಟೆಯನ್ನೂ ತೊಳೆಯಲು ಎತ್ತಿಕೊಂಡ. "ಇರ್ಲಿ ಬಿಡ್ರೀ ಕಾಕಾ, ನಮ್ಮ ಹುಡುಗ ತೊಗೋತಾನ," ಎಂದು ಮಾಲಕರು ಗಲ್ಲೆಯಿಂದಲೇ ಹೇಳಿದರು. ಅವರು ಅದನ್ನು ವೃದ್ಧನ ಮೇಲಿನ ಗೌರವದಿಂದ ಹೇಳಿದರು. ಅವನು ತಟ್ಟೆಯನ್ನೇಕೆ ಎತ್ತಿದನೆಂಬದು ಅವರಿಗೆ ತಿಳಿದಿರಲಿಲ್ಲ. ತಿಳಿಯದಿದ್ದುದೇ ಒಳ್ಳೆಯದೆಂದು ನನಗೆ ಆಗ ಅನಿಸಿತು, ಈಗ ಹಾಗೆ ಖಂಡಿತವಾಗಿ ಹೇಳಲಾರೆ.

ಆ ಬೆಂಚಿನ ಮೇಲೆ ಇನ್ನೂ ವಿರಳವಾಗಿರುವವರು ಹೆಣ್ಣುಮಕ್ಕಳು. ನಮ್ಮ ಸಹಪಾಠಿನಿಯರು ಬೆಳಿಗ್ಗೆ ಹೊಟೇಲಿಗೆ ಬಂದರೆ ಅವರನ್ನು ಪರದೆಯ ಹಿಂದಿನ 'ಫ್ಯಾಮಿಲಿ ರೂಮಿ'ಗೆ ಕಳಿಸುವ ರೂಢಿ ಕೆಲವೆಡೆ ಉಂಟು. ರೊಟ್ಟಿ ಬಡಿಯುವ ಕೈ ಸಿಗುವದಿಲ್ಲವೆಂದು ಮಾಲಕರು ಕೊರಗುವರಲ್ಲವೇ, ಆ ಕೈಗಳೆಲ್ಲ ಇವರ ತಾಯಂದಿರವೇ.

ಆ ಕೈಗಳನ್ನು ನೋಡಬೇಕಾದರೆ ಬಾದಾಮಿಯಿಂದ ಸುಮಾರು ಐದು ಕಿಲೋಮೀಟರು ದೂರದ ಬನಶಂಕರಿಗೆ ಹೋಗಬೇಕು. ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳು ನಸುಕಿನಲ್ಲೆದ್ದು ಬಡಿದ ರೊಟ್ಟಿಗಳನ್ನು ಬುಟ್ಟಿಯಲ್ಲಿ ಹೊತ್ತು ತಂದು ಗುಡಿಯ ಹೊಂಡದ ಹತ್ತಿರ ನೆರಳಿನಲ್ಲಿ ಕುಳಿತಿರುತ್ತಾರೆ. ಜೊತೆಗೆ ಕೆಂಪು ಚಟ್ನಿ, ಪುಂಡಿಪಲ್ಯೆ, ಕಾಳಿನ ಪಲ್ಯೆ, ಪುಟ್ಟ ಮಣ್ಣಿನ ಗಡಿಗೆಗಳಲ್ಲಿ ಮೊಸರು. ಮಣ್ಣು ನೀರನ್ನು ಹೀರಿಕೊಳ್ಳುವದರಿಂದ ಆ ಮೊಸರು ಗಡಿಗೆಯನ್ನು ವಾಲಿಸಿದರೂ ಕದಲುವದಿಲ್ಲ. ಇಲ್ಲಿ ಬೆಂಚಿಲ್ಲ, ಪರದೆಯಿಲ್ಲ; ಬೆಂಗಳೂರಿನಿಂದ ಕಾರಿನಲ್ಲಿ ಬಂದವರೂ ಜವಳಕ್ಕೆ ಬಂದ ಕೂಲಿಯವರೂ ಒಂದೇ ನೆಲದ ಮೇಲೆ ಕೂಡುತ್ತಾರೆ. ಅಡಿಗೆಯವಳು, ಬಡಿಸುವವಳು, ಮಾಲಕಿ ಮೂವರೂ ಒಬ್ಬಳೇ. ಲೆಕ್ಕ ಬಾಯಲ್ಲಿಯೇ, ಗಲ್ಲೆ ಸೆರಗಿನ ಗಂಟಿನಲ್ಲಿ. "ಇನ್ನೊಂದು ತೊಗೋ ಯಪ್ಪಾ, ಹರೇದ ಹುಡುಗ ಎರಡು ರೊಟ್ಟಿಗೆ ಸಾಕಂದ್ರ ಹೆಂಗ?" ಎನ್ನುತ್ತ ಅವಳು ನಾನು ಉತ್ತರ ಕೊಡುವ ಮೊದಲೇ ಮೂರನೆಯದನ್ನು ಅಂಗೈಯಲ್ಲಿಟ್ಟಳು.