ಮೊದಲ ಸಲ ಇತಿಹಾಸ ನಡಿಗೆಗೆ ಬರುವವರಿಗೆ

ಬೆಂಗಳೂರಿನ ಹಳೆಯ ಪೇಟೆಯಲ್ಲಿ ನಡೆಯುವ ಇತಿಹಾಸ ನಡಿಗೆಗೆ ನೀವು ಹೆಸರು ಕೊಟ್ಟಿದ್ದೀರಿ. ಶಾಲೆಯಲ್ಲಿ ಓದಿದ್ದೆಲ್ಲ ಮರೆತುಹೋಗಿದೆ, ಇಸವಿಗಳು ನೆನಪಿಲ್ಲ ಎಂಬ ಅಳುಕು ಇದ್ದರೆ ಬಿಟ್ಟುಬಿಡಿ. ಕಾಲಿಗೆ ಹಿತವಾದ ಚಪ್ಪಲಿ, ಕುಡಿಯಲು ನೀರು, ತಿಳಿಯುವ ಆಸೆ ಇಷ್ಟಿದ್ದರೆ ಸಾಕು.

ನಡಿಗೆಯನ್ನು ನಡೆಸುವ ಸ್ಥಳೀಯ ಇತಿಹಾಸಕಾರರ ಕೆಲಸವೇನು ಎಂಬುದನ್ನು ಮೊದಲು ತಿಳಿಯೋಣ. ಅವರು ಒಂದೇ ಊರನ್ನು ಹಿಡಿದು ಅದರ ಶಾಸನ, ಹಳೆಯ ದಾಖಲೆ, ನಕ್ಷೆ, ಹಿರಿಯರ ಮಾತು ಎಲ್ಲವನ್ನೂ ಪಕ್ಕಪಕ್ಕದಲ್ಲಿಟ್ಟು ಓದುತ್ತಾರೆ. ಶಾಸನ ಎಂದರೆ ಕಲ್ಲಿನ ಮೇಲೆ ಅಥವಾ ತಾಮ್ರದ ಹಲಗೆಯ ಮೇಲೆ ಕೊರೆದ ಬರಹ. ಬೆಂಗಳೂರಿನ ಬಗ್ಗೆ ಹೀಗೆ ದುಡಿದವರಲ್ಲಿ ಫಜ್ಲುಲ್ ಹಸನ್ ಮತ್ತು ಸೂರ್ಯನಾಥ ಕಾಮತರ ಹೆಸರುಗಳನ್ನು ನೆನಪಿಟ್ಟುಕೊಳ್ಳಿ. ಇಂದು ಈ ಊರಿನಲ್ಲಿ ನಡಿಗೆ ನಡೆಸುವ ಯಾರೇ ಆಗಲಿ, ಅವರಿಗೆ ಋಣಿಗಳು.

ಈಗ ಅವೆನ್ಯೂ ರಸ್ತೆಗೆ ಬನ್ನಿ. ಇದರ ಹಳೆಯ ಹೆಸರು ದೊಡ್ಡಪೇಟೆ. ಇದನ್ನು ಅಡ್ಡಹಾಯುವ ಬೀದಿ ಚಿಕ್ಕಪೇಟೆ. ಎರಡೂ ಕೂಡುವ ಚೌಕದಿಂದ ಕೆಂಪೇಗೌಡರು ನಾಲ್ಕು ದಿಕ್ಕಿಗೆ ನೇಗಿಲು ಹೂಡಿಸಿ, ಎತ್ತುಗಳು ನಿಂತಲ್ಲಿ ಊರ ಬಾಗಿಲು ಕಟ್ಟಿಸಿದರು ಎಂದು ಹೇಳುತ್ತಾರೆ. ಇದು ಐತಿಹ್ಯ, ಅಂದರೆ ಬಾಯಿಂದ ಬಾಯಿಗೆ ಬಂದ ಕಥೆ. ಇದಕ್ಕೆ ಆ ಕಾಲದ ಲಿಖಿತ ಆಧಾರ ಇಲ್ಲವೆಂದು ಕಥೆಯನ್ನು ತಳ್ಳಿಹಾಕಬೇಡಿ. ಊರು ತನ್ನ ಹುಟ್ಟನ್ನು ಹೇಗೆ ನೆನೆಯುತ್ತದೆ ಎಂಬುದೂ ಇತಿಹಾಸವೇ. ಆದರೆ ಐತಿಹ್ಯವನ್ನು ಐತಿಹ್ಯವೆಂದೇ ಕೇಳಿಸಿಕೊಳ್ಳಿ. ಮುಂದಾಳು ಏನೇ ಹೇಳಲಿ, ‘ಇದು ಎಲ್ಲಿಂದ ತಿಳಿಯಿತು?’ ಎಂದು ಧಾರಾಳವಾಗಿ ಕೇಳಿ. ಒಳ್ಳೆಯ ಮುಂದಾಳಿಗೆ ಇದಕ್ಕಿಂತ ಪ್ರಿಯವಾದ ಪ್ರಶ್ನೆ ಇನ್ನೊಂದಿಲ್ಲ.

ಸುತ್ತಲಿನ ಹೆಸರುಗಳನ್ನು ಗಮನಿಸಿ: ಅಕ್ಕಿಪೇಟೆ, ಅರಳೆಪೇಟೆ, ಗಾಣಿಗರಪೇಟೆ, ಕುಂಬಾರಪೇಟೆ. ಒಂದೊಂದು ಸರಕಿಗೆ, ಒಂದೊಂದು ಕಸುಬಿಗೆ ಒಂದೊಂದು ಬೀದಿ. ಪೂರ್ವದ ಬಾಗಿಲು ಬಿದ್ದುಹೋಗಿ ಎಷ್ಟೋ ಕಾಲವಾಯಿತು, ಆದರೂ ಹಲಸೂರು ಗೇಟ್ ಪೊಲೀಸ್ ಠಾಣೆಯ ಫಲಕದಲ್ಲಿ ಅದರ ಹೆಸರು ಉಳಿದಿದೆ.

ಇಲ್ಲಿಂದ ದಕ್ಷಿಣಕ್ಕೆ ನಡೆದರೆ ಕೃಷ್ಣರಾಜೇಂದ್ರ ಮಾರುಕಟ್ಟೆ, ಅದರ ಬಳಿಯೇ ಕೋಟೆ. ಪೇಟೆ ಎಂದರೆ ಜನ ಬಾಳಿ ವ್ಯಾಪಾರ ಮಾಡುತ್ತಿದ್ದ ಊರು. ಕೋಟೆ ಎಂದರೆ ಸೈನ್ಯ ಮತ್ತು ಆಡಳಿತ ಇದ್ದ ಭದ್ರ ಜಾಗ. ಈ ವ್ಯತ್ಯಾಸ ಮನಸ್ಸಿನಲ್ಲಿರಲಿ, ಮುಂದಿನ ಸಂಗತಿಗೆ ಬೇಕು. ಕೆಂಪೇಗೌಡರು 1537ರಲ್ಲಿ ಕಟ್ಟಿಸಿದ್ದು ಮಣ್ಣಿನ ಕೋಟೆ. 1761ರಲ್ಲಿ ಹೈದರಾಲಿ ಅದನ್ನು ಕಲ್ಲಿನಲ್ಲಿ ಕಟ್ಟಿಸಿದ. ಈಗ ನೀವು ನೋಡುವ ದೆಹಲಿ ಬಾಗಿಲು ಮತ್ತು ಅದರ ಆಸುಪಾಸಿನ ಗೋಡೆ, ಆ ದೊಡ್ಡ ಕೋಟೆಯ ಒಂದು ಚೂರು ಮಾತ್ರ.

ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ. ಗೋಡೆಯಲ್ಲಿ ಒಂದು ಇಂಗ್ಲಿಷ್ ಫಲಕವಿದೆ. ಬ್ರಿಟಿಷರ ದಾಳಿ ನಡೆದದ್ದು ಈ ಬಿರುಕಿನ ಮೂಲಕ ಎಂದು ಹೇಳಿ, 1791ರ ಮಾರ್ಚ್ 21ರ ತಾರೀಖು ಕೊಡುತ್ತದೆ. ಅಷ್ಟೇ. ಇತಿಹಾಸಕಾರರ ಕೆಲಸ ಇಲ್ಲಿಂದ ಶುರುವಾಗುತ್ತದೆ. ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸನ ಸೈನ್ಯ ಮಾರ್ಚ್ 7ರಂದೇ ಪೇಟೆಯನ್ನು ಹಿಡಿದಿತ್ತು. ಆಮೇಲೆ ಫಿರಂಗಿಗಳಿಂದ ಹೊಡೆದು ಹೊಡೆದು ಕೋಟೆಯ ಗೋಡೆಯನ್ನು ಒಡೆಯಿತು. 21ರ ರಾತ್ರಿ ಒಳಗೆ ನುಗ್ಗಿತು. ಕಿಲ್ಲೇದಾರ, ಅಂದರೆ ಕೋಟೆಯನ್ನು ಕಾಯುವ ಹೊಣೆ ಹೊತ್ತ ಅಧಿಕಾರಿ ಬಹಾದ್ದೂರ್ ಖಾನ್ ಹೋರಾಡುತ್ತಲೇ ಸತ್ತ. ಫಲಕದಲ್ಲಿ ಅವನ ಹೆಸರಿಲ್ಲ. ಹದಿನೈದು ದಿನ ಆ ಪೇಟೆಯ ಗಾಣಿಗರು, ಕುಂಬಾರರು ಏನಾದರು ಎಂಬ ಮಾತೂ ಇಲ್ಲ. ಗೆದ್ದವರು ಹಾಕಿಸಿದ ಕಲ್ಲು ಗೆಲುವನ್ನಷ್ಟೇ ಹೇಳುತ್ತದೆ. ಅದು ಬಿಟ್ಟದ್ದನ್ನು ಬೇರೆ ದಾಖಲೆಗಳಿಂದ ತಂದು, ಅದೇ ಗೋಡೆಯ ಮುಂದೆ ನಿಂತು ಹೇಳುವುದಕ್ಕಾಗಿಯೇ ಇಂಥ ನಡಿಗೆಗಳು ಬೇಕು ಎಂದು ನಾನು ನಂಬಿದ್ದೇನೆ.

ಹಾಗಾದರೆ ಬೆಂಗಳೂರಿನ ಇತಿಹಾಸ 1537ರಿಂದ ಆರಂಭವೇ? ಅಲ್ಲ. ಅದು ಕೋಟೆ ಮತ್ತು ಪೇಟೆ ಕಟ್ಟಿದ ವರ್ಷ. ಬೇಗೂರಿನ ದೇವಾಲಯದಲ್ಲಿ ಸುಮಾರು 890ರ, ಗಂಗರ ಕಾಲದ ಶಾಸನವೊಂದಿದೆ. ಬೆಂಗಳೂರಿನ ಕಾಳಗದಲ್ಲಿ ಒಬ್ಬ ಸತ್ತ ಸುದ್ದಿ ಅದರಲ್ಲಿದೆ. ಕೆಂಪೇಗೌಡರಿಗಿಂತ ಆರುನೂರು ವರ್ಷಕ್ಕೂ ಹಿಂದೆಯೇ ಈ ಹೆಸರು ಕಲ್ಲಿನ ಮೇಲಿತ್ತು. ಹೆಬ್ಬಾಳದಲ್ಲಿ ಇನ್ನೂ ಹಳೆಯ ವೀರಗಲ್ಲು ಇದೆ; ಅದು ಎಂಟನೆಯ ಶತಮಾನದ್ದು, ಕಿಟ್ಟಯ್ಯ ಎಂಬವನ ನೆನಪಿನದು. ವೀರಗಲ್ಲು ಎಂದರೆ ಕಾಳಗದಲ್ಲಿ, ಇಲ್ಲವೇ ದನ ಬಿಡಿಸಲು ಹೋಗಿ ಸತ್ತವರಿಗಾಗಿ ನಿಲ್ಲಿಸಿದ ಕಲ್ಲು. ಸಾಮಾನ್ಯವಾಗಿ ಇದನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು: ತಳದಲ್ಲಿ ಕಾಳಗ, ನಡುವೆ ವೀರನನ್ನು ಮೇಲಕ್ಕೆ ಒಯ್ಯುವ ಅಪ್ಸರೆಯರು, ತುದಿಯಲ್ಲಿ ಶಿವಲಿಂಗದ ಸನ್ನಿಧಿ.

ನಡಿಗೆ ಮುಗಿದ ಮೇಲೆ ಒಂದು ಮನೆಗೆಲಸ. ಬೆಂಗಳೂರಿನಲ್ಲೇ ಹುಟ್ಟಿದ ಬಿ.ಎಲ್. ರೈಸ್ ನಮ್ಮ ನಾಡಿನ ಸಾವಿರಾರು ಶಾಸನಗಳನ್ನು ಸಂಗ್ರಹಿಸಿ ‘ಎಪಿಗ್ರಾಫಿಯಾ ಕರ್ನಾಟಿಕಾ’ ಎಂಬ ಸಂಪುಟಗಳಲ್ಲಿ ಪ್ರಕಟಿಸಿದರು. 1905ರ ಒಂಬತ್ತನೆಯ ಸಂಪುಟ ಬೆಂಗಳೂರು ಜಿಲ್ಲೆಯದು. ಅದು ಅಂತರ್ಜಾಲದಲ್ಲಿ ಸಿಗುತ್ತದೆ. ಶಾಸನಗಳನ್ನು ತಾಲ್ಲೂಕುವಾರು ಕೊಟ್ಟಿದ್ದಾರೆ. ನಿಮ್ಮ ಬಡಾವಣೆ ಹಿಂದೆ ಯಾವ ಹಳ್ಳಿಯಾಗಿತ್ತೋ ಆ ಹೆಸರನ್ನು ಅದರಲ್ಲಿ ಹುಡುಕಿ. ಸಿಕ್ಕರೆ ಆ ಕಲ್ಲು ಇನ್ನೂ ಇದೆಯೇ ಎಂದು ಹೋಗಿ ನೋಡಿ. ಬೆಳಿಗ್ಗೆ ಅಥವಾ ಸಂಜೆ ಹೋಗಿ, ಓರೆ ಬಿಸಿಲಿನಲ್ಲಿ ಅಕ್ಷರಗಳು ಎದ್ದು ಕಾಣುತ್ತವೆ. ಎಣ್ಣೆ, ಬಣ್ಣ, ಸೀಮೆಸುಣ್ಣ ಯಾವುದನ್ನೂ ಹಚ್ಚಬೇಡಿ. ಚಿತ್ರ ತೆಗೆದುಕೊಂಡು ಬನ್ನಿ, ಮುಂದಿನ ನಡಿಗೆಯಲ್ಲಿ ಕೂತು ಓದೋಣ.